ಒಂದು ಬೈಗುಳಕ್ಕೆ ಸಭೆ, ಇನ್ನೊಂದಕ್ಕೆ ನಗೆ

ಫುಟ್ಬಾಲ್ ಸಂಘದ ಮಾನ್ಯ ಕಾರ್ಯದರ್ಶಿಗಳೇ,

ಮೈದಾನದಲ್ಲಿ ನನ್ನ ಜಾತಿ ಎತ್ತಿ ಬೈದವರು ಆಡುತ್ತಿದ್ದಾರೆ. ಬೈಸಿಕೊಂಡ ನಾನು ಸೂಲಿಬೆಲೆಯ ನಮ್ಮ ಮನೆ ಜಗಲಿಯಲ್ಲಿ ಕೂತಿದ್ದೇನೆ. ಆಟದ ನಡುವೆ ಹೊರನಡೆದದ್ದು ನನ್ನ ಅಪರಾಧವಂತೆ. ಕ್ಷಮೆ ಕೇಳುವವರೆಗೂ ತಂಡದಲ್ಲಿ ಜಾಗವಿಲ್ಲವೆಂದು ತಾವು ಅಪ್ಪಣೆ ಮಾಡಿದ್ದೀರಿ. ನಮ್ಮದು ಗಿರಣಿಯ ತಂಡ; ಆಟ ಬಿಟ್ಟವನಿಗೆ ಗಿರಣಿಯಲ್ಲಿ ಕೆಲಸವೂ ಇಲ್ಲ ಎಂಬುದು ತಮಗೆ ತಿಳಿಯದ ಸಂಗತಿಯೇನಲ್ಲ.

ತಮ್ಮ ಸಂಘಕ್ಕೆ ಕಿವಿ ಕೇಳುವುದಿಲ್ಲ ಎಂದು ನಾನು ಹೇಳಲಾರೆ. ಮಳೆಗಾಲದ ಮೊದಲಲ್ಲಿ ಬೆಂಗಳೂರು ದಂಡಿನ ಬಿಳಿಯರ ತಂಡದೊಡನೆ ಆಡುವಾಗ ಬೂಟುಗಾಲಿನ ಸೋಲ್ಜರನೊಬ್ಬ ನನ್ನನ್ನು 'ಕರಿ ನಾಯಿ' ಎಂದ. ಎಷ್ಟು ಚೆನ್ನಾಗಿ ಕೇಳಿಸಿತು! ಇಡೀ ತಂಡ ಆಟ ನಿಲ್ಲಿಸಿತು. ನಮ್ಮ ನಾಯಕ ರಾಮಾಂಜಿನಪ್ಪನವರು ನನ್ನ ಹೆಗಲ ಮೇಲೆ ಕೈ ಹಾಕಿ, "ಇವನಿಗಂದ್ರೆ ನಮ್ಗೆಲ್ಲಾ ಅಂದಂಗೆ ಕಣ್ರೀ" ಎಂದು ರೆಫರಿಗೆ ಕೂಗಿ ಹೇಳಿದರು. ತಾವು ಸಭೆ ಕರೆದಿರಿ, ಮನುಷ್ಯನ ಘನತೆಯ ಬಗ್ಗೆ ಭಾಷಣ ಮಾಡಿದಿರಿ, ಸೋಲ್ಜರನಿಂದ ಕ್ಷಮೆಯನ್ನೂ ಕೇಳಿಸಿದಿರಿ. ಹೇಳಲು ನಾಚಿಕೆಯಾಗುತ್ತದೆ ಸ್ವಾಮಿ, ಆ ದಿನ ನನಗೆ ಸಂತೋಷವಾಗಿತ್ತು. ಚೆಂಡಿಗಾಗಿ ಮೈ ತಾಗಿದ್ದುಂಟು. ಪ್ರೀತಿಯಿಂದ ನಮ್ಮ ತಂಡದಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಮುಟ್ಟಿರಲಿಲ್ಲ.

ಮುಂದಿನ ತಿಂಗಳು ಬೇರೆ ಗಿರಣಿಯ ತಂಡದ ಮೇಲೆ ಆಡುವಾಗ ಹೊಡೆಯಬೇಕಾಗಿದ್ದ ಗೋಲೊಂದನ್ನು ನಾನು ಕೈಬಿಟ್ಟೆ. ಅದೇ ರಾಮಾಂಜಿನಪ್ಪನವರು ನನ್ನ ಜಾತಿಯ ಹೆಸರು ಹಿಡಿದು ಕೂಗಿ, "ನಿನ್ ಬುದ್ಧಿ ತೋರಿಸ್ಬಿಟ್ಟಲ್ಲೋ! ಹೋಗ್ಲಾ, ಸತ್ತ ದನ ಹೊರೋಕೇ ನೀನು ಲಾಯಕ್ಕು" ಎಂದರು. ತಂಡ ನಕ್ಕಿತು. ರೆಫರಿಯೂ ನಕ್ಕರು. ಯಾರಾದರೊಬ್ಬರು ಆಟ ನಿಲ್ಲಿಸಿಯಾರೆಂದು ಎಲ್ಲರ ಮುಖ ನೋಡಿದೆ. ಚೆಂಡು ಆಗಲೇ ಆ ಕಡೆ ಹೋಗಿತ್ತು. ನಾನೊಬ್ಬನೇ ಹೊರಗೆ ನಡೆದೆ.

ಇದು ಆಟದ ಭರದಲ್ಲಿ ಬಂದ ಮಾತು ಎಂದಿರಿ. ಸೋಲ್ಜರನಿಗೆ ಆಟದ ಭರ ಇರಲಿಲ್ಲವೇ? ಅಥವಾ ಬೈಗುಳ ಹಡಗು ಹತ್ತಿ ಬಂದರೆ ಮಾತ್ರ ಅವಮಾನವೇ? ನಮ್ಮವ್ವ ಸೊಣ್ಣಮ್ಮನ ನ್ಯಾಯ ಇನ್ನೊಂದು ಬಗೆಯದು: "ಊರಾಗೆ ದಿನಾ ಅಂತಾರೆ, ನಾನು ಕೇಳಿಸ್ಕೊಂಡು ಬರಾಕಿಲ್ವಾ? ಹೋಗಿ ಕಾಲಿಗೆ ಬಿದ್ಬಿಡಪ್ಪಾ." ಅವಳಿಗೆ ನನ್ನ ಅನ್ನದ ಚಿಂತೆ. ನನ್ನ ಸಂಕಟ ಹೇಳಿಕೊಳ್ಳಲು ಅಲ್ಲೂ ಯಾರೂ ಇಲ್ಲ, ಇಲ್ಲೂ ಯಾರೂ ಇಲ್ಲ. ಅದಕ್ಕೇ ಪತ್ರಿಕೆಯಲ್ಲಿ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಕ್ಷಮೆ ಕೇಳುವುದಿಲ್ಲ. ಸೋಲ್ಜರನಿಗೆ ಹಾಕಿದ ನಿಯಮವನ್ನೇ ನಮ್ಮ ನಾಯಕರಿಗೂ ಹಾಕಿ, ನನ್ನ ಜಾಗ ನನಗೆ ಕೊಡಿ. ಅದು ತಮ್ಮಿಂದ ಆಗದಿದ್ದರೆ ನಮ್ಮ ಪಂದ್ಯಗಳನ್ನೆಲ್ಲ ಆ ಬಿಳಿಯರ ಮೇಲೆಯೇ ಇಡಿಸಿ. ಅವರು ಬೈದಾಗಲಾದರೂ ನಮ್ಮವರು ನನ್ನನ್ನು ನಮ್ಮವನು ಎನ್ನುತ್ತಾರೆ.

ಇಂತಿ,
ಬೈಸಿಕೊಂಡ ತಪ್ಪಿಗೆ ಹೊರಗುಳಿದ ತಮ್ಮ ಆಟಗಾರ,
ಲಕ್ಷ್ಮಯ್ಯ
ಸೂಲಿಬೆಲೆ, ೧೯೪೬