ಬೆಳ್ಳಗಾಗೋ ತನಕ ಉಜ್ಜಿದ ಸ್ಪಂಜು

ಓನರಮ್ಮನ ಮನೆ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಕಮ್ಮಿ ಆಯ್ತಾ? ಆಫೀಸಿನ ಮೆಟ್ಟಿಲು ಒರೆಸೋದನ್ನ ಚಿಕ್ಕಮ್ಮಂಗೆ ಬಿಟ್ಟೆಯೋ, ಇನ್ನೂ ನೀನೇ ಒದ್ದಾಡ್ತಿದ್ದೀಯೋ? ನಾನು ಹೇಳ್ದೆ ಕೇಳ್ದೆ ಊರು ಬಿಟ್ಟು ಬಸ್ ಹತ್ತಿದ ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಅದಕ್ಕೇ ಕಾಗದದ ಹಾಗೆ ಬಾಯಲ್ಲೇ ಹೇಳಿ, ವಾಯ್ಸ್ ಮೆಸೇಜ್ ಮಾಡಿ ಕಳಿಸ್ತಿದ್ದೀನಿ. ಬೈಕೊಂಡಾದ್ರೂ ಕೇಳು.

ಓನರಮ್ಮ ಸೊಂಟ ಮುರ್ಕೊಂಡು ಆಸ್ಪತ್ರೆ ಸೇರಿ ಹದಿನೆಂಟು ದಿನ ಆಯ್ತು. ಬಾಡಿಗೆ ಬೇಡ, ನನ್ನ ಮೀನು ನೋಡ್ಕೋ ಸಾಕು ಅಂದಿದ್ರು. ಗಾಜಿನ ತೊಟ್ಟೀಲಿ ಐದು ಮೀನು. ಸಿಂಕ್ ಕೆಳಗಿರೋ ಆರ್‌ಓ ಮೆಷಿನ್ನಿಂದ ನೀರು ಹಿಡಿದು, ಮೀನಿಗೆ ಬೇಕಾದ ಲವಣ ಅಂತ ಅವರು ಕೊಟ್ಟ ಪುಡಿ ಒಂದು ಚಮಚ ಬೆರೆಸಿ, ಹಸುಗೂಸಿನ ಸ್ನಾನದ ನೀರಿನ ಹಾಗೆ ಹದ ಮಾಡ್ತಿದ್ದೆ. ಕೆಟ್ಟಿದ್ದು ಅಲ್ಲಲ್ಲ. ತೊಟ್ಟಿಗೆ ಸಿಕ್ಕಿಸಿರೋ ಫಿಲ್ಟರ್ ಡಬ್ಬಿ ತೆಗೆದೆ ನೋಡು, ಒಳಗೆ ಸ್ಪಂಜು, ಕಂದು ಬಣ್ಣ, ಜಿಡ್ಡೋ ಜಿಡ್ಡು. ನಾನು ನಿನ್ನ ಮಗಳಲ್ವಾ? ಜಿಡ್ಡು ಕಂಡ್ರೆ ಬಿಡ್ತೀನಾ? ಬಿಸಿನೀರಿನ ನಲ್ಲಿ ಕೆಳಗಿಟ್ಟು ಬೆಳ್ಳಗಾಗೋ ತನಕ ಉಜ್ಜಿದೆ. ತೊಟ್ಟಿ ನೀರಲ್ಲೇ ಅದ್ದಿ ಹಿಂಡು, ಅಷ್ಟೇ ಅಂತ ಓನರಮ್ಮ ಚೀಟಿ ಅಂಟಿಸಿದ್ರು. ಕೊಳೆ ನೀರಲ್ಲಿ ಯಾರಾದ್ರೂ ಕೊಳೆ ತೊಳೀತಾರಾ ಅಂತ ನಕ್ಕಿದ್ದೆ ಅಮ್ಮಾ.

ಮೂರನೇ ದಿನ ಎರಡು ಮೀನು ಸತ್ತು ತೇಲಿದ್ವು. ಮಾರನೇ ದಿನ ಇನ್ನೆರಡು. ಸಾಕೋ ಮೀನು ಮಾರೋ ಅಂಗಡಿಯವ್ನನ್ನ ಕೇಳಿದ್ರೆ ತಲೆ ಚಚ್ಕೊಂಡ: "ಅಯ್ಯೋ ತಾಯಿ, ಆ ಜಿಡ್ಡಲ್ಲೇ ಜೀವ ಇದ್ದಿದ್ದು! ಮೀನಿನ ಹೊಲಸು ತಿಂದು ನೀರು ಕಾಯೋ ಸೂಕ್ಷ್ಮಜೀವಿಗಳನ್ನೆಲ್ಲ ಮೋರಿಗೆ ಬಿಟ್ಯಲ್ಲ!" ಆಮೇಲೆ ಅಯ್ಯೋ ಪಾಪ ಅಂತ ಅವನ ತೊಟ್ಟಿಯ ಜಿಡ್ಡು ಸ್ಪಂಜು ಕೊಟ್ಟ. ಕೊಳಕನ್ನ ಬೇಡಿ ತಂದವಳು ನಮ್ಮ ವಂಶದಲ್ಲಿ ನಾನೊಬ್ಳೇ ಇರ್ಬೇಕು. ಅದನ್ನ ಫಿಲ್ಟರ್‌ಗೆ ಹಾಕಿ, ದಿನಾ ಒಂದಷ್ಟು ನೀರು ಬದಲಾಯಿಸ್ತಿದ್ದೀನಿ. ಉಳಿದಿರೋದು ಮುದುಕಪ್ಪ ಒಬ್ನೇ. ಹನ್ನೊಂದು ವರ್ಷದ ಮೀನು. ಯಜಮಾನ್ರು ಹೋದ್ಮೇಲೆ ಓನರಮ್ಮ ಮನಸ್ಸು ಬಿಚ್ಚಿ ಮಾತಾಡೋದು ಅವನ ಹತ್ರಾನೇ. ಈಗ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದಾನೆ. ನಾನು ಗಾಜಿಗೆ ಹಣೆ ಒತ್ಕೊಂಡು ಕೂತಿದ್ದೀನಿ.

ಚಿಕ್ಕಮ್ಮಂಗೆ ಕೇಳ್ದೆ ಅಂತ ಹೇಳು. ಮಾತ್ರೆ ಮರೀಬೇಡ.

ನಿನ್ನ ಹಠಮಾರಿ,
ಪುಟ್ಟಿ

ಇನ್ನೊಂದು ಮಾತು ಅಮ್ಮಾ, ಬೇಗ ಹೇಳ್ಬಿಡ್ತೀನಿ. ಓನರಮ್ಮ ದಿನಾ ಫೋನ್ ಮಾಡಿ "ಮುದುಕಪ್ಪ ಉಂಡ್ನಾ?" ಅಂತಾರೆ. ಉಂಡ ಅಂತೀನಿ. ನಾಲ್ಕು ದಿನದಿಂದ ಒಂದು ಕಾಳೂ ಮುಟ್ಟಿಲ್ಲ. ನಾಳೆ ಹತ್ತು ಗಂಟೆಗೆ ಅವರು ಆಸ್ಪತ್ರೆಯಿಂದ ಬರ್ತಾರೆ, ಬಾಗ್ಲಲ್ಲೇ ನಿಜ ಹೇಳ್ತೀನಿ. ಹೊರಗೆ ಹಾಕಿದ್ರೆ ನಂಗೆ ಬೇರೆ ಜಾಗ ಇಲ್ಲ, ನಿನ್ನ ಹತ್ರಾನೇ ಬರ್ಬೇಕು. ನೀನು ಮಾತಾಡ್ದೆ ಇದ್ರೂ ಪರವಾಗಿಲ್ಲ. ಬಾಗ್ಲು ಮಾತ್ರ ತೆಗಿ.