ಮಗ್ಗ ನಿಂತ ನಾಲ್ಕು ದಿನ

ಚಳ್ಳಕೆರೆ
21 ಜನವರಿ 1999

ಬೋರಿ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಪತ್ರ ಪೂರ್ತಿ ಓದಿದ ಮೇಲೆ ಆ ಪದ ಬೇಕೋ ಬೇಡವೋ ನೀನೇ ಹೇಳು.

ನಿನ್ನ ಕವರು ಸೋಮವಾರ ಬಂತು. ಪತ್ರಿಕೆಯವರು ಲೇಖನ ವಾಪಸ್ ಕಳಿಸಿರುವುದು, ಜೊತೆಗೆ ಹೆಸರಿಲ್ಲದ ಪರಿಶೀಲಕರ ವರದಿ ಇಟ್ಟಿರುವುದು, ಮಾರ್ಚ್ ಸಂಚಿಕೆಯಲ್ಲಿ ಅದು ಅಚ್ಚಾಗದಿದ್ದರೆ ಏಪ್ರಿಲ್ ಸಂದರ್ಶನಕ್ಕೆ ನೀನು ಬರಿಗೈಯಲ್ಲಿ ಹೋಗಬೇಕಾಗಿರುವುದು, ಎಲ್ಲ ತಿಳಿಯಿತು. ಆರು ವರ್ಷದಿಂದ ದುರ್ಗದಲ್ಲಿ ಗಂಟೆಯ ಲೆಕ್ಕಕ್ಕೆ ಪಾಠ ಮಾಡುತ್ತಿರುವವಳಿಗೆ ಇದು ಎಂಥ ಪೆಟ್ಟು ಎಂದು ನನಗೆ ಗೊತ್ತು. “ಯಾವನೋ ಪುಣ್ಯಾತ್ಮ ಓದದೇ ಬರೆದಾನೆ. ನೀನಾದ್ರೂ ನೋಡಿ ಎಲ್ಲಿ ತಪ್ಪೈತೆ ಹೇಳೇ” ಎಂದು ಕೇಳಿದ್ದೀಯ.

ಎಲ್ಲೂ ತಪ್ಪಿಲ್ಲ. ಓದದೇ ಬರೆದದ್ದೂ ಅಲ್ಲ, ನಾಲ್ಕು ಸಲ ಓದಿಯೇ ಬರೆದದ್ದು. ಬರೆದವಳು ನಾನು.

ಈಗ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಾ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ಸೆಪ್ಟೆಂಬರಿನಲ್ಲಿ ಸಂಪಾದಕರಾದ ಮುರುಗೇಂದ್ರಪ್ಪನವರಿಂದ ಒಂದು ಲಕೋಟೆ ಬಂತು. ನೀವು ಮೊಳಕಾಲ್ಮೂರಿನ ನೇಕಾರರ ಮನೆಯವರು, ಇದನ್ನು ನಿಮಗಿಂತ ಚೆನ್ನಾಗಿ ಯಾರು ನೋಡುತ್ತಾರೆ ಎಂದು ಬರೆದಿದ್ದರು. ನಿಯಮದಂತೆ ಲೇಖಕರ ಹೆಸರಿನ ಹಾಳೆ ತೆಗೆದಿದ್ದರು. ಹಾಳೆ ತೆಗೆದರೆ ಏನು ಬಂತು? ಟೈಪಿನಲ್ಲಿ ಬಿಟ್ಟುಹೋದ ಒತ್ತುಗಳನ್ನೆಲ್ಲ ಹಸಿರು ಇಂಕಿನಲ್ಲಿ ತಿದ್ದಿದ್ದೀಯಲ್ಲ! ಇಲ್ಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಂದೇ ಮಷಿನ್ನಿನ ಮುಂದೆ ಅರ್ಧ ಗಂಟೆ ನೀನು, ಅರ್ಧ ಗಂಟೆ ನಾನು ಕೂತವರು. ನಿನ್ನ ಕೈ ನನಗೆ ತಿಳಿಯದೇ? ಇದು ನನ್ನ ಗೆಳತಿಯದು, ನಾನು ನೋಡಬಾರದು ಎಂದು ಅಂದೇ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ.

ಮೊದಲ ಪುಟ ಓದುವಾಗಲೇ ಹೊಟ್ಟೆ ಉರಿಯಿತು ಕಣೇ. ನನಗೆ ಕಾಯಂ ಕೆಲಸ ಇದೆ, ಸ್ಟಾಫ್ ರೂಮಿನಲ್ಲಿ ನನ್ನದೇ ಕುರ್ಚಿ ಇದೆ, ಆದರೆ ಇಷ್ಟು ವರ್ಷದಲ್ಲಿ ಅಚ್ಚಾದದ್ದು ಒಂದೇ ಲೇಖನ. ನೇಕಾರರ ಸಂಘದ ಸ್ಮರಣ ಸಂಚಿಕೆಯಲ್ಲಿ, ಎಣ್ಣೆ ಮಿಲ್ಲಿನ ಜಾಹೀರಾತಿನ ಎದುರಿನ ಪುಟದಲ್ಲಿ, ‘ಬಹುಮಾನಿತ ನೇಕಾರ ನನ್ನ ತಂದೆ’. ನೀನು ಅದನ್ನೂ ಬಿಡದೆ ಏಳನೇ ಅಡಿಟಿಪ್ಪಣಿಯಲ್ಲಿ ಮರ್ಯಾದೆಯಾಗಿ ಹೆಸರಿಸಿದ್ದೀಯ. ನೀನು ಮರ್ಯಾದೆ ಕೊಟ್ಟದ್ದಕ್ಕೆ ಇನ್ನೂ ಸಿಟ್ಟು ಬಂತು. ನನ್ನಿವಾಳದ ಹೊಲದಲ್ಲಿ ಶೇಂಗಾ ಕೀಳುತ್ತಾ ಬೆಳೆದವಳು ನಮ್ಮ ಮಗ್ಗದ ವಿಷಯ ನನಗಿಂತ ಚೆನ್ನಾಗಿ ಬರೆಯುವುದೆಂದರೆ ಹೇಗೆ ಎಂದುಕೊಂಡೆ. ಹೌದು, ಅಂಥ ಮಾತನ್ನೂ ಮನಸ್ಸಿನಲ್ಲಿ ಅಂದುಕೊಂಡೆ.

ಒಂಬತ್ತನೇ ಪುಟದಲ್ಲಿ ಉಚ್ಚಂಗೆಮ್ಮ ಬಂದಳು. ‘ಹೆಸರು ಬದಲಿಸಲಾಗಿದೆ’ ಎಂದು ನೀನು ಪಕ್ಕದಲ್ಲೇ ಬರೆದಿದ್ದೆ. ಹೆಸರು ಬದಲಿಸಿದರೂ ಮಾತು ಬದಲಾಗುತ್ತದೆಯೇ? ಎರಡು ಸಾಲು ಓದುವಷ್ಟರಲ್ಲಿ ಅದು ನನ್ನ ಅವ್ವ ಎಂದು ಗೊತ್ತಾಯಿತು. ನಿನ್ನನ್ನು ಮೊಳಕಾಲ್ಮೂರಿಗೆ ಕಳಿಸಿದವಳೇ ನಾನು. ಲಾಡ್ಜಿಗೆ ಯಾಕೆ ದುಡ್ಡು ಸುರಿಯುತ್ತೀಯ, ನನ್ನ ತಮ್ಮ ಚೌಡೇಶನ ಮನೆಯಲ್ಲಿ ಇರು, ಅವ್ವನೂ ಇದ್ದಾಳೆ ಎಂದಿದ್ದೆ. ನೀನು ಎರಡು ಬೇಸಿಗೆ ಅವಳ ಪಕ್ಕದಲ್ಲಿ ಕೂತು ರೇಷ್ಮೆ ಸುತ್ತಿದೆ. ಅವಳು ನಿನಗೆ ಎಲ್ಲವನ್ನೂ ಹೇಳಿದಳು.

ಅವಳು ಹೇಳಿದ ಪ್ರಕಾರ, ಅಪ್ಪನಿಗೆ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. 1980ರ ಜಿಲ್ಲಾ ಬಹುಮಾನದ ಸೀರೆಯಿಂದ ಹಿಡಿದು ಅಪ್ಪ ತೀರಿಕೊಳ್ಳುವವರೆಗೆ ಆ ಮನೆಯಲ್ಲಿ ನೇಯ್ದದ್ದೆಲ್ಲ ಅವ್ವ. ಯಾರಾದರೂ ಬಂದರೆ ಅಪ್ಪ ಮಗ್ಗದ ಮುಂದೆ ಕೂರುತ್ತಿದ್ದ, ಅವ್ವ ಒಳಗೆ ಹೋಗಿ ನೀರು ತರುತ್ತಿದ್ದಳು. ನಾನಾಗ ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದೆ. ರಜೆಗೆ ಹೋದಾಗ ಕಂಡದ್ದು ಗೋಡೆಯ ಮೇಲಿನ ಪ್ರಶಸ್ತಿಪತ್ರ ಮಾತ್ರ.

ಇದಕ್ಕೆ ನೀನು ಕೊಟ್ಟ ಸಾಕ್ಷಿ ಓದಿ ದಂಗಾದೆ. ಮುಟ್ಟಾದ ನಾಲ್ಕು ದಿನ ನಮ್ಮ ಹೆಂಗಸರು ಮಗ್ಗ ಮುಟ್ಟುವಂತಿಲ್ಲ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ನಾಲ್ಕು ದಿನ ಹಾಗೇ ನಿಂತರೆ, ಮತ್ತೆ ಲಾಳಿ ಓಡಿಸಿದ ಜಾಗದಲ್ಲಿ ಬಟ್ಟೆಗೆ ಅಡ್ಡಲಾಗಿ ಕೂದಲೆಳೆಯಷ್ಟು ಗೆರೆ ಬೀಳುತ್ತದೆ. ಗಂಡಸು ನೇಯ್ದ ಸೀರೆಯಲ್ಲಿ ತಿಂಗಳಿಗೊಂದು ಗೆರೆ ಬೀಳಲು ಕಾರಣವೇ ಇಲ್ಲ ಎಂದು ಬರೆದಿದ್ದೀಯ. ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಳೆದಿರಲಿಲ್ಲ.

ನನ್ನ ಅವ್ವ ಇದನ್ನು ನನಗೆ ಹೇಳದೆ ನಿನಗೆ ಹೇಳಿದಳು. ನನ್ನ ಸಂಕಟವೆಲ್ಲ ಇದೇ. ಲೇಖನದ ಮೇಲಿನ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ. ದಸರಾದಲ್ಲಿ ಊರಿಗೆ ಹೋದಾಗ, ಬೋರಕ್ಕನ ಹತ್ತಿರ ಅದೇನು ಅಷ್ಟು ಮಾತಾಡುತ್ತಿದ್ದೆ ಎಂದು ಅವ್ವನನ್ನು ಕೆಣಕಿದೆ. “ಆ ಅಮ್ಮಾಯಿ ಕೂತ್ಕಂಡು ಕೇಳ್ತಾಳೆ ಕಣೆ. ನೀನು ಬಂದ್ರೆ ಬಸ್ ಟೈಮು ನೋಡ್ತೀಯ” ಎಂದಳು. ಅಲ್ಲಿಂದ ಬಂದ ಮಾರನೇ ದಿನವೇ ವರದಿ ಬರೆದೆ.

ಬಹುಮಾನದ ಸೀರೆ ಎಂದೋ ಮಾರಿಹೋಗಿದೆ, ಇನ್ನೊಂದು ಸೀರೆಯನ್ನೂ ಲೇಖಕರು ತೋರಿಸಿಲ್ಲ ಎಂದೆ. ಹಬ್ಬಕ್ಕೂ ಸೂತಕಕ್ಕೂ ಮಗ್ಗ ನಿಲ್ಲುತ್ತದೆ, ಗೆರೆಯಿಂದ ಏನೂ ಸಾಬೀತಾಗದು ಎಂದೆ. ಕೊನೆಯ ಸಾಲು ನಿನಗೆ ಬಾಯಿಪಾಠವಾಗಿರಬೇಕು: ‘ವಯಸ್ಸಾದ ಮಾಹಿತಿದಾರಳು ಸತ್ತ ಗಂಡನ ಕೀರ್ತಿಯನ್ನು ತನ್ನದಾಗಿಸಿಕೊಳ್ಳುವ ಆಸೆಯಿಂದ ಹೇಳಿದ ಮಾತು, ನಂಬಲರ್ಹವಲ್ಲ.’ ಹೆತ್ತ ತಾಯಿಯನ್ನು ಸುಳ್ಳಿ ಎಂದು ಬರೆದು, ಸಹಿ ಹಾಕಿ, ಅಂಚೆ ಚೀಟಿ ಹಚ್ಚಿದೆ. ಹೆಸರು ಹೊರಗೆ ಬರುವುದಿಲ್ಲವಲ್ಲ, ಆ ಧೈರ್ಯ.

ನೀನು ಆ ವರದಿಯನ್ನೇ ನಕಲು ಮಾಡಿ, ನಂಬಿಕೆಯಿಟ್ಟು, ನನಗೇ ಕಳಿಸಿದೆ. ಉಚ್ಚಂಗೆಮ್ಮ ಯಾರೆಂದು ಕಾಗದದಲ್ಲೂ ನನಗೆ ಬಿಟ್ಟುಕೊಡಲಿಲ್ಲ. ಅಪ್ಪನ ಮೇಲೆ ನಾನು ಇಟ್ಟಿರುವ ನಂಬಿಕೆ ಒಡೆಯಬಾರದೆಂದು ಅವ್ವನೇ ನಿನ್ನ ಕೈಲಿ ಆಣೆ ಹಾಕಿಸಿಕೊಂಡಿರಬೇಕು. ಮೂರು ದಿನ ಆ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು, ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಇವತ್ತು ಮುರುಗೇಂದ್ರಪ್ಪನವರಿಗೆ ರಿಜಿಸ್ಟರ್ ಮಾಡಿದ್ದೇನೆ. ಆ ಮಾಹಿತಿದಾರಳು ನನ್ನ ತಾಯಿ, ಲೇಖಕಿ ನನ್ನ ಗೆಳತಿ, ವರದಿ ಬರೆದದ್ದು ಹೊಟ್ಟೆಕಿಚ್ಚಿನಿಂದ, ಅದನ್ನು ಹರಿದುಹಾಕಿ ಬೇರೆಯವರಿಗೆ ಕಳಿಸಿ ಎಂದು. ಇನ್ನು ಅವರು ನನಗೆ ಏನನ್ನೂ ಕಳಿಸುವುದಿಲ್ಲ, ಇರಲಿ. ಆದರೆ ಬೇರೆ ಯಾರು ನೋಡಿದರೂ ಸೀರೆ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ ಬೋರಿ. ಅವ್ವ ಹೇಳಿದ್ದು ನಿಜವೇ ಎಂದು ಅವಳನ್ನೇ ಕೇಳಬಹುದಿತ್ತು. ನಿಜ ಎಂದುಬಿಟ್ಟರೆ ಅಪ್ಪನ ಫೋಟೋ ಹೇಗೆ ನೋಡಲಿ ಎಂದು ಹೋಗಲಿಲ್ಲ. ಅಷ್ಟರಮಟ್ಟಿಗೆ ನಾನಿನ್ನೂ ಆ ವರದಿ ಬರೆದವಳೇ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಬರೆದಿದ್ದೇನೆ ಎಂದುಕೊ.

ನಿನ್ನ ಹೆಸರಿಲ್ಲದ ಪರಿಶೀಲಕಿ,
ಸರಿತಾ

ಮ.ಸೂ.: ಇವತ್ತು ಭಾನುವಾರ, 24. ಈ ಕಾಗದ ಇನ್ನೂ ಡಬ್ಬಿಗೆ ಹಾಕಿಲ್ಲ. ಬೆಳಿಗ್ಗೆ ಟ್ರಂಕು ತೆಗೆದು ನನ್ನ ಮದುವೆ ಸೀರೆ ಬಿಚ್ಚಿದೆ. 1988ರದು, ಮಗಳಿಗೆಂದು ಅಪ್ಪ ಕೈಯಾರೆ ನೇಯ್ದದ್ದು ಎಂದು ಊರಿಗೆಲ್ಲ ಹೇಳಿಕೊಂಡು ಉಟ್ಟದ್ದು. ಕಿಟಕಿಯ ಬೆಳಕಿಗೆ ಹಿಡಿದು ಮೊಳ ಮೊಳವಾಗಿ ಸರಿಸಿದೆ. ಎರಡು ಗೆರೆಗಳಿವೆ. ನಡುವೆ ಆರು ಮೊಳ. ಅಷ್ಟು ಬುಟ್ಟ ಇರುವ ಸೀರೆಯನ್ನು ನಮ್ಮ ಮನೆಯಲ್ಲಿ ದಿನಕ್ಕೆ ಅರ್ಧ ಗೇಣು ನೇಯುತ್ತಿದ್ದರು. ಮೊಳಕ್ಕೆ ಎರಡು ಗೇಣಿನಂತೆ ಆರು ಮೊಳಕ್ಕೆ ಇಪ್ಪತ್ತನಾಲ್ಕು ದಿನ, ನಿಂತದ್ದು ನಾಲ್ಕು ದಿನ, ಸೇರಿ ಇಪ್ಪತ್ತೆಂಟು. ಯಾವ ಹಬ್ಬವೂ ಹಾಗೆ ಬರುವುದಿಲ್ಲ.

ಸೀರೆಯನ್ನು ಶನಿವಾರ ನಾನೇ ದುರ್ಗಕ್ಕೆ ತರುತ್ತೇನೆ. ಫೋಟೋ ತೆಗೆಸಿ ಲೇಖನಕ್ಕೆ ಸೇರಿಸು. ನಾಳೆ ಮೊಳಕಾಲ್ಮೂರಿಗೆ ಹೋಗುತ್ತಿದ್ದೇನೆ, ಈ ಸಲ ಬಸ್ ಟೈಮು ನೋಡುವುದಿಲ್ಲ. ಅವ್ವ ಒಪ್ಪಿದರೆ ಉಚ್ಚಂಗೆಮ್ಮ ಬೇಡ, ಅವಳದೇ ಹೆಸರು ಓಬಕ್ಕ ಎಂದೇ ಬರೆ. ನನ್ನ ಏಳನೇ ಅಡಿಟಿಪ್ಪಣಿ ಕಿತ್ತುಹಾಕು.

ಫೋಟೋ ಆದ ಕೂಡಲೇ ಸೀರೆ ನನಗೆ ವಾಪಸ್ ಕೊಡಬೇಕು, ಒಂದು ರಾತ್ರಿಯೂ ನಿನ್ನ ರೂಮಿನಲ್ಲಿ ಬಿಡುವುದಿಲ್ಲ. ಅದು ನನ್ನ ಅವ್ವ ನನಗೆ ನೇಯ್ದದ್ದು.