ಪರದೆಯ ಮೇಲೆ ಬೆಳಗಿದ ಗಂಟು

ಮೊಳಕಾಲ್ಮೂರು
೧೨ ಫೆಬ್ರವರಿ ೨೦೨೫

ಮುದ್ದು ಮಗಳು ಶೃತಿಗೆ ನಿನ್ನವ್ವನ ಆಶೀರ್ವಾದ.

ಬೆಳಗಿನ ವಾಂತಿ ಕಡಿಮೆಯಾಯಿತೇ? ಮೂರು ತಿಂಗಳು ತುಂಬಿದ ಮೇಲೆ ನನಗೂ ನಿಂತಿತ್ತು. ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಿಕೊಂಡು ಕುಡಿ. ಅಳಿಯಂದಿರು ತರುವ ಬೇಕರಿ ತಿಂಡಿ ಮುಟ್ಟಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಾನೂ ಮಾತು ಮುಗಿಸಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಹೊಟ್ಟೆನೋವೆಂದು ಚಳ್ಳಕೆರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ಒಂದು ಗಂಟು ಕಂಡಿತು. ಎಂಥದ್ದೆಂದು ಅಲ್ಲಿ ಹೇಳಲಾಗಲಿಲ್ಲ. ಸಿ.ಟಿ. ಮಾಡಿಸೋಣವೆಂದರೆ ಅದಕ್ಕೆ ಕೊಡುವ ಔಷಧಿಯನ್ನು ಸಕ್ಕರೆ ಕಾಯಿಲೆಯಿಂದ ಸೋತ ನನ್ನ ಕಿಡ್ನಿ ತಡೆದುಕೊಳ್ಳುವುದಿಲ್ಲವಂತೆ. ನಿನ್ನಪ್ಪ ಮಗ್ಗದಲ್ಲಿ ಕೂತೇ ಇದ್ದರು, ಒಂದೆಳೆ ನೇಯಲಿಲ್ಲ. "ಗೊತ್ತಾಗಿ ಏನ್ ಮಾಡ್ತೀಯ? ಬ್ಯಾಡ ಬಿಡು, ಹಿಂಗೇ ಇರಾಣ" ಅಂದರು. "ನನ್ನ ಹೊಟ್ಟೇಲಿ ಏನೈತೆ ಅಂತ ನನಗೆ ಗೊತ್ತಾಗ್ಬೇಕು. ನೀವು ಬರ್ದೇ ಹೋದ್ರೆ ಒಬ್ಳೇ ದಾವಣಗೆರೆ ಬಸ್ ಹತ್ತಿ ಹೋಗ್ತೀನಿ" ಅಂದೆ. ಮಗ್ಗದಿಂದೆದ್ದು ಚಪ್ಪಲಿ ಮೆಟ್ಟಿಕೊಂಡರು.

ದಾವಣಗೆರೆಯ ಡಾಕ್ಟರಮ್ಮ, "ಕಿಡ್ನಿಗೆ ತೊಂದ್ರೆ ಮಾಡದ ಸ್ಕ್ಯಾನ್ ಒಂದಿದೆ. ಸಣ್ಣ ಸಣ್ಣ ಗುಳ್ಳೆಗಳಮ್ಮಾ, ರಕ್ತದಲ್ಲಿ ಓಡಾಡಿ ಉಸಿರಲ್ಲೇ ಹೋಗಿಬಿಡ್ತವೆ" ಅಂದರು. ಕೈನರಕ್ಕೆ ಹಾಲಿನಂಥ ಔಷಧಿ ಚುಚ್ಚಿ, ಪಕ್ಕೆಯ ಮೇಲೆ ಯಂತ್ರ ಒತ್ತಿ ಹಿಡಿದರು. ಪರದೆಯನ್ನು ನನ್ನತ್ತ ತಿರುಗಿಸಿ ಎಂದು ಕೇಳಿಕೊಂಡೆ. ಸುತ್ತಲಿನ ಲಿವರ್ ಇನ್ನೂ ಕಪ್ಪಗಿರುವಾಗಲೇ ಆ ಗಂಟು ಝಗ್ಗನೆ ಬೆಳಗಿತು. ಆಮೇಲೆ ಲಿವರೆಲ್ಲ ಬೆಳ್ಳಗಾಯಿತು, ಗಂಟೊಂದೇ ನಿಧಾನಕ್ಕೆ ಮಂಕಾಯಿತು. ಡಾಕ್ಟರಮ್ಮ ಯಂತ್ರ ತೆಗೆದಿಟ್ಟು ನನ್ನತ್ತ ತಿರುಗಿದರು.

"ಕೆಟ್ಟದ್ದೇ ಏನ್ರಿ?" ಅಂದೆ.

"ಹೌದಮ್ಮಾ, ಕ್ಯಾನ್ಸರ್. ಆದ್ರೆ ಚಿಕ್ಕದು, ಒಂದೇ ಇದೆ. ಸೂಜಿ ಹಾಕಿ ಅದರ ಬಿಸಿಯಿಂದ್ಲೇ ಗಂಟನ್ನ ಸುಟ್ಟುಬಿಡಬಹುದು."

ನಾನು, "ಯಾವತ್ತು ಬರ್ಲಿ?" ಎಂದು ಕೇಳಿದೆ. ಬರುವ ಸೋಮವಾರವೇ ದಾಖಲಾಗುತ್ತೇನೆ. ಭಯವಿಲ್ಲವೆಂದರೆ ಸುಳ್ಳಾದೀತು, ಆದರೆ ಹೆಸರು ಗೊತ್ತಾದ ಮೇಲೆ ಕಾಲು ನೆಲಕ್ಕೆ ಊರಿದಂತಾಗಿದೆ. ನಿನ್ನಪ್ಪ ಈಗಲೇ ಚೀಲ ತುಂಬುತ್ತಿದ್ದಾರೆ, ನನ್ನ ಮಾತ್ರೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ. ನೀನು ಈ ಸ್ಥಿತಿಯಲ್ಲಿ ಬಸ್ಸು ಹತ್ತಿ ಬರಬೇಡ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನುಂಕೆಮಲೆ ಸಿದ್ದೇಶ್ವರ ನಿನ್ನನ್ನೂ ಹೊಟ್ಟೆಯ ಕೂಸನ್ನೂ ಕಾಯಲಿ.

ನಿನ್ನವ್ವ,
ರೇಣುಕಮ್ಮ

ತಾ.ಕ.: ಇದನ್ನು ಮೊದಲು ಮಾಡು. ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿದೆ. ಗಂಟಿಗೆ ಅದೇ ಮೂಲವಂತೆ, ಎಷ್ಟು ವರ್ಷದಿಂದ ಇತ್ತೋ. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹೋಗುತ್ತದಂತೆ, ನಿನಗೂ ಬಂದಿರಬಹುದು. ನಾಳೆಯೇ ನಿನ್ನ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸು. ಇದ್ದರೂ ಹೆದರಬೇಡ. ಹುಟ್ಟಿದ ಕೂಡಲೇ ಇಂಜೆಕ್ಷನ್ ಹಾಕಿಸಿದರೆ ಕೂಸಿಗೆ ಹೋಗದಂತೆ ತಡೆಯಬಹುದಂತೆ. ಏನೇ ಬರಲಿ, ನನ್ನಿಂದ ಮುಚ್ಚಿಡಬೇಡ.